ರೆಕ್ಕೆಗೆ ಬೀಗ, ಬಲೆಗೆ ಬಾಗಿಲೇ ಇಲ್ಲ

ಶಾರ್ಕ್ ರೆಕ್ಕೆಗೆ ರುಚಿ ಇಲ್ಲ. ನಿಜಕ್ಕೂ ಇಲ್ಲ. ಒಣಗಿಸಿದ ರೆಕ್ಕೆಯನ್ನ ನೆನೆಹಾಕಿ, ಚರ್ಮ ಸುಲಿದು, ಗಂಟೆಗಟ್ಟಲೆ ಬೇಯಿಸಿದ ಮೇಲೆ ಒಳಗಿಂದ ಸಿಗೋದು ಶಾವಿಗೆ ಥರದ ಎಳೆಗಳು. ಆ ಸೂಪಿಗೆ ರುಚಿ ಬರೋದು ಜೊತೆಗೆ ಹಾಕುವ ಕೋಳಿ ಮತ್ತು ಹಂದಿ ಮಾಂಸದ ಸಾರಿನಿಂದ. ಹಾಗಿದ್ದೂ ಚೀನಾ, ಹಾಂಗ್‌ಕಾಂಗ್ ಕಡೆ ಮದುವೆ ಊಟದಲ್ಲಿ ಅದನ್ನ ಬಡಿಸೋದು ಯಾಕೆ ಅಂದ್ರೆ, ಅದು ದುಬಾರಿ. ಬಡಿಸಿದವನ ಘನತೆ ಬಟ್ಟಲಲ್ಲಿ ಕಾಣುತ್ತೆ. ನಮ್ಮಲ್ಲೂ ಸಾಲ ಮಾಡಿಯಾದ್ರೂ ಹದಿನಾರು ಬಗೆ ಸಿಹಿ ಮಾಡಿಸೋರು ಇಲ್ವಾ? ಅದೇ ಕಥೆ.

ಹಾಗಾಗಿ ಶಾರ್ಕ್ ಅಂದ ಕೂಡಲೇ ನಾವು ಚೀನಿಯರ ಸೂಪಿನ ಕಡೆ ಬೆರಳು ತೋರಿಸಿ ಕೈ ತೊಳೆದುಕೊಳ್ತೀವಿ. ಆದ್ರೆ ಪ್ರಪಂಚದಲ್ಲಿ ಅತಿ ಹೆಚ್ಚು ಶಾರ್ಕ್ ಹಿಡಿಯುವ ದೇಶಗಳ ಪಟ್ಟಿಯಲ್ಲಿ ಇಂಡೋನೇಷ್ಯಾದ ಪಕ್ಕದಲ್ಲೇ, ಮೇಲಿನ ಸಾಲಿನಲ್ಲೇ ಭಾರತದ ಹೆಸರಿದೆ. ನಮ್ಮ ಮಂಗಳೂರು, ಮಲ್ಪೆ ಬಂದರುಗಳಲ್ಲೂ ಶಾರ್ಕ್ ಬಂದು ಬೀಳುತ್ತೆ. ತುಳುವಿನಲ್ಲಿ ತಾಟೆ ಅಂತಾರೆ, ಕೊಂಕಣಿಯಲ್ಲಿ ಮೋರಿ. ಇದರ ದಾಯಾದಿ ತೊರಕೆ, ಅಂದ್ರೆ ಚಪ್ಪಟೆ ಮೈ, ಉದ್ದ ಬಾಲದ ಮೀನು. ಕರಾವಳಿಯವರಿಗೆ ಇದ್ಯಾವುದೂ ಸಿನಿಮಾದ ರಾಕ್ಷಸ ಅಲ್ಲ, ಒಗ್ಗರಣೆಗೆ ಬರೋ ಮೀನು ಅಷ್ಟೆ.

ಈ ವಿಷಯದಲ್ಲಿ ನಮ್ಮ ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. ಮಾಡಿದೆ, ಒಂದಲ್ಲ ನಾಲ್ಕು ಸಲ ಮಾಡಿದೆ. ನನ್ನ ತಕರಾರು ಇರೋದು ಎಲ್ಲಿ ಮಾಡಿದೆ ಅನ್ನೋದರ ಬಗ್ಗೆ.

ಮೊದಲು ಸ್ವಲ್ಪ ಇತಿಹಾಸ, ಬೋರ್ ಹೊಡೆಸದೆ ಹೇಳ್ತೀನಿ.

2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕ್ ಅನ್ನೋ ಮೀನನ್ನ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಷೆಡ್ಯೂಲಿಗೆ ಸೇರಿಸಿದ್ರು. (ಹೆಸರಲ್ಲಿ ತಿಮಿಂಗಿಲ ಇದ್ರೂ ಇದು ಮೀನೇ, ಪ್ರಪಂಚದ ಅತಿ ದೊಡ್ಡ ಮೀನು. ತಿನ್ನೋದು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನ, ಪುಟ್ಟ ಮೀನುಗಳನ್ನ.) ಹುಲಿ, ಆನೆಗೆ ಸಿಗುವ ರಕ್ಷಣೆ ನಮ್ಮ ದೇಶದಲ್ಲಿ ಒಂದು ಮೀನಿಗೆ ಸಿಕ್ಕಿದ್ದು ಅದೇ ಮೊದಲು. ಇದಕ್ಕೆ ಹಿಂದಿನ ವರ್ಷ ಮೈಕ್ ಪಾಂಡೆ ತೆಗೆದ 'ಶೋರ್ಸ್ ಆಫ್ ಸೈಲೆನ್ಸ್' ಅನ್ನೋ ಸಾಕ್ಷ್ಯಚಿತ್ರ ಗುಜರಾತ್ ತೀರದಲ್ಲಿ ಈ ಮೀನನ್ನ ಹೇಗೆ ಕೊಲ್ತಾರೆ ಅನ್ನೋದನ್ನ ಜನರ ಮುಂದೆ ಇಟ್ಟಿತ್ತು.

ಅದಾಗಿ ಎರಡೇ ತಿಂಗಳಿಗೆ, 2001ರ ಜುಲೈನಲ್ಲಿ, ಪರಿಸರ ಸಚಿವಾಲಯ ಶಾರ್ಕ್ ಮತ್ತು ತೊರಕೆಯ ಇಡೀ ಕುಲವನ್ನೇ ಮೊದಲನೇ ಷೆಡ್ಯೂಲಿಗೆ ಹಾಕಿಬಿಡ್ತು. ಅಂದ್ರೆ ಒಂದು ಬೆಳಗ್ಗೆ ಎದ್ದಾಗ, ಹಿಂದಿನ ದಿನ ತನಕ ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದ ಮೀನು ಕಾನೂನಿನ ಕಣ್ಣಲ್ಲಿ ಹುಲಿಯ ಸಮ! ಬಲೆಗೆ ಬಿದ್ರೆ ಜೈಲು. ಮೀನುಗಾರರು ಸುಮ್ನಿರ್ತಾರಾ? ಗಲಾಟೆ ಆಯ್ತು. ಡಿಸೆಂಬರ್ ಹೊತ್ತಿಗೆ ಸರ್ಕಾರ ಹಿಂದೆ ಸರಿದು ಪಟ್ಟಿಯನ್ನ 10 ಜಾತಿಗೆ ಇಳಿಸ್ತು. ತಿಮಿಂಗಿಲ ಶಾರ್ಕ್, ಗಂಗಾ ಶಾರ್ಕ್, ಪಾಂಡಿಚೇರಿ ಶಾರ್ಕ್, ಗರಗಸ ಮೀನುಗಳು, ಹೀಗೆ. ಈ ಪಾಂಡಿಚೇರಿ ಶಾರ್ಕ್ ವಿಜ್ಞಾನಿಗಳ ದಾಖಲೆಯಲ್ಲಿ ಕೊನೇ ಸಲ ಖಚಿತವಾಗಿ ಕಂಡಿದ್ದು 1979ರಲ್ಲಿ. ಪಟ್ಟಿಗೆ ಸೇರೋ ಹೊತ್ತಿಗೆ ಅದು ಕಾಣೆಯಾಗಿ ಇಪ್ಪತ್ತು ವರ್ಷ ದಾಟಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ ಅನ್ನೋ ಗಾದೆ ನೆನಪಾಗಲ್ವಾ? ಅದೇ ಹೊತ್ತಿಗೆ ಬಲೆಗೆ ದಿನವೂ ಬೀಳುತ್ತಿದ್ದ ಸುತ್ತಿಗೆ ತಲೆಯ ಶಾರ್ಕ್‌ಗಳು ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಮೂರನೇದು 2013ರ ಆಗಸ್ಟ್. ಸಮುದ್ರದ ಮೇಲೆ ದೋಣಿಯಲ್ಲೇ ಶಾರ್ಕ್ ರೆಕ್ಕೆ ಕತ್ತರಿಸೋ ಹಾಗಿಲ್ಲ, ದಡಕ್ಕೆ ತರುವಾಗ ರೆಕ್ಕೆ ಮೈಗೆ ಅಂಟಿಕೊಂಡೇ ಇರಬೇಕು ಅಂತ ನೀತಿ ಬಂತು. ನಾಲ್ಕನೇದು 2015ರ ಫೆಬ್ರವರಿ 6. ವಾಣಿಜ್ಯ ಸಚಿವಾಲಯ ಎಲ್ಲಾ ಜಾತಿಯ ಶಾರ್ಕ್ ರೆಕ್ಕೆ ರಫ್ತನ್ನ ಪೂರ್ತಿಯಾಗಿ ನಿಷೇಧಿಸ್ತು.

ಇದರ ಮೇಲೆ ವನ್ಯಜೀವಿ ಕಾಯಿದೆಗೆ 2022ರಲ್ಲಿ ತಿದ್ದುಪಡಿ ಆಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರೋ ಜೀವಿಗಳಿಗೆ ಈಗ ನಮ್ಮ ಕಾಯಿದೆಯಲ್ಲೇ ಬೇರೆ ಷೆಡ್ಯೂಲ್ ಇದೆ. ಆ ಪಟ್ಟಿಯೂ ಬೆಳೀತಾ ಹೋಗಿದೆ. 2013ರಲ್ಲಿ ಬ್ಯಾಂಕಾಕಿನಲ್ಲಿ ಸುತ್ತಿಗೆ ತಲೆ ಶಾರ್ಕ್‌ಗಳು ಸೇರಿದ್ವು, 2022ರಲ್ಲಿ ಪನಾಮಾದಲ್ಲಿ ರೆಕ್ಕೆ ವ್ಯಾಪಾರದ ಬಹುಪಾಲು ಸರಕನ್ನ ಒದಗಿಸೋ ರೆಕ್ವಿಯಂ ಶಾರ್ಕ್ ಕುಟುಂಬವೇ ಸೇರ್ತು.

ಕಾಗದದ ಮೇಲೆ ನೋಡಿದ್ರೆ ಏನು ಕಡಿಮೆ ಇದೆ ಹೇಳಿ?

ಈಗ ನನ್ನ ತಕರಾರಿಗೆ ಬರ್ತೀನಿ. ರೆಕ್ಕೆ ಕತ್ತರಿಸೋ ಪದ್ಧತಿ ವಿರುದ್ಧದ ಕಾನೂನುಗಳೆಲ್ಲ ಹುಟ್ಟಿದ್ದು ಒಂದು ನಿರ್ದಿಷ್ಟ ಕ್ರೌರ್ಯವನ್ನ ತಡೆಯೋಕೆ. ದೂರ ಸಮುದ್ರಕ್ಕೆ ಹೋಗೋ ದೊಡ್ಡ ಹಡಗುಗಳಲ್ಲಿ ಜಾಗಕ್ಕೆ ಬೆಲೆ. ಶಾರ್ಕ್ ಮಾಂಸ ಭಾರ, ಬೆಲೆ ಕಡಿಮೆ, ಅದರಲ್ಲಿ ಯೂರಿಯಾ ಇರೋದರಿಂದ ಸರಿಯಾಗಿ ಇಡದಿದ್ರೆ ಬೇಗ ಅಮೋನಿಯಾ ವಾಸನೆ ಹೊಡೆಯುತ್ತೆ. ರೆಕ್ಕೆ ಹಗುರ, ಬೆಲೆ ಜಾಸ್ತಿ, ಒಣಗಿಸಿದ್ರೆ ಕೆಡಲ್ಲ. ಹಾಗಾಗಿ ರೆಕ್ಕೆ ಕತ್ತರಿಸಿಕೊಂಡು ಮೈಯನ್ನ, ಎಷ್ಟೋ ಸಲ ಜೀವ ಇರುವಾಗಲೇ, ವಾಪಸ್ ನೀರಿಗೆ ಎಸೀತಾರೆ. ಈಜೋಕಾಗದೆ ಅದು ತಳಕ್ಕೆ ಮುಳುಗಿ ಸಾಯುತ್ತೆ. ಇದನ್ನ ನಿಲ್ಲಿಸಲೇಬೇಕು, ಎರಡು ಮಾತಿಲ್ಲ.

ನಿಲ್ಲಿಸೋಕೆ ಹೊರಟವರು ಮೊದಲು ಮಾಡಿದ್ದೇನು ಗೊತ್ತಾ? ತೂಕದ ಲೆಕ್ಕ. ಅಮೆರಿಕದ 2000ದ ಕಾನೂನು, ಯೂರೋಪಿನ 2003ರ ನಿಯಮ ಎರಡರಲ್ಲೂ ದೋಣಿಯಲ್ಲಿರೋ ರೆಕ್ಕೆಯ ತೂಕ ಮೈಯ ತೂಕದ ಶೇಕಡಾ 5 ಮೀರಬಾರದು ಅನ್ನೋ ಥರದ ಲೆಕ್ಕ ಇತ್ತು. ಆದ್ರೆ ರೆಕ್ಕೆಗೂ ಮೈಗೂ ಇರೋ ಪ್ರಮಾಣ ಒಂದೊಂದು ಜಾತಿಗೆ ಒಂದೊಂದು ಥರ, ಕತ್ತರಿಸೋ ರೀತಿಯ ಮೇಲೂ ಬದಲಾಗುತ್ತೆ. ಯಾವ ರೆಕ್ಕೆ ಯಾವ ಮೈಯದ್ದು ಅಂತ ಹೇಳೋರ್ಯಾರು? ನಾವು ಕೋಡ್ ಬರೆಯೋರಿಗೆ ಇದು ಚೆನ್ನಾಗಿ ಗೊತ್ತಿರೋ ಕಥೆ. ಚೆಕ್ ಹಾಕಿರ್ತೀವಿ, ಚೆಕ್ ಪಾಸ್ ಆಗುತ್ತೆ, ಒಳಗಿರೋ ಡೇಟಾ ಮಾತ್ರ ತಪ್ಪೇ :) ಕೊನೆಗೆ ಅಮೆರಿಕ 2010ರ ಕಾಯಿದೆಯಲ್ಲಿ, ಯೂರೋಪ್ 2013ರಲ್ಲಿ, ರೆಕ್ಕೆ ಮೈಗೆ ಅಂಟಿಕೊಂಡೇ ಬರಬೇಕು ಅಂತ ಬಿಗಿ ಮಾಡಿದ್ವು. ಒಳ್ಳೇ ನಿಯಮ. ದಡದಲ್ಲಿ ನಿಂತವನು ಕಣ್ಣಲ್ಲೇ ಪರೀಕ್ಷೆ ಮಾಡಬಹುದು, ಯಾವ ಜಾತಿ ಅಂತಲೂ ಗುರುತಿಸಬಹುದು.

ಆದ್ರೆ ಇದರಿಂದ ಸಾಯೋ ಶಾರ್ಕ್‌ಗಳ ಸಂಖ್ಯೆ ಕಡಿಮೆ ಆಯ್ತಾ? 2024ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬೋರಿಸ್ ವರ್ಮ್ ಮತ್ತು ಸಂಗಡಿಗರ ಅಧ್ಯಯನ ಬಂತು. ಪ್ರಪಂಚದಲ್ಲಿ ಮೀನುಗಾರಿಕೆಯಿಂದ ಸಾಯೋ ಶಾರ್ಕ್‌ಗಳು 2012ರಲ್ಲಿ ಸುಮಾರು 7.6 ಕೋಟಿ ಇದ್ದದ್ದು 2019ಕ್ಕೆ ಸುಮಾರು 8 ಕೋಟಿ ಆಗಿತ್ತು. ಇದೇ ಕಾಲದಲ್ಲಿ ಶಾರ್ಕ್ ಉಳಿಸೋ, ರೆಕ್ಕೆ ಕತ್ತರಿಸೋದನ್ನ ತಡೆಯೋ ಕಾನೂನುಗಳು ಎಷ್ಟೋ ಪಟ್ಟು ಹೆಚ್ಚಾಗಿದ್ವು. ಕಾನೂನೂ ಜಾಸ್ತಿ, ಸಾವೂ ಜಾಸ್ತಿ! ಕಾರಣ ಕಷ್ಟದ್ದೇನಲ್ಲ. ರೆಕ್ಕೆಯ ಜೊತೆ ಮೈಯನ್ನೂ ತರಲೇಬೇಕು ಅಂದಾಗ, ತಂದ ಮೈಗೆ ಒಂದು ಮಾರುಕಟ್ಟೆ ಹುಟ್ಟಿಕೊಳ್ತು. ದೂರ ಸಮುದ್ರದಲ್ಲಿ ಸಾವು ಸ್ವಲ್ಪ ಇಳಿದಿದ್ರೆ, ಕರಾವಳಿಯ ಹತ್ತಿರದ ನೀರಲ್ಲಿ ಏರಿದೆ.

ಕರಾವಳಿಯ ಹತ್ತಿರದ ನೀರು ಅಂದ್ರೆ ನಮ್ಮ ನೀರು.

ನಮ್ಮ ದೇಶದ ಕಥೆ ಮೊದಲಿಂದಲೂ ಬೇರೆ. ನಮ್ಮಲ್ಲಿ ಸಮುದ್ರದ ಮಧ್ಯೆ ರೆಕ್ಕೆ ಕತ್ತರಿಸಿ ಮೈ ಬಿಸಾಡೋ ರೂಢಿ ಕಡಿಮೆ. ಇಲ್ಲಿ ಶಾರ್ಕನ್ನ ಇಡಿಯಾಗಿ ಬಳಸ್ತಾರೆ. ಮಾಂಸ ಹಸಿಯಾಗಿ, ಒಣಮೀನಾಗಿ ಹೋಗುತ್ತೆ. ತಮಿಳುನಾಡಲ್ಲಿ ಸುರಾ ಪುಟ್ಟು ಬಾಣಂತಿಯರಿಗೆ ಒಳ್ಳೇದು ಅಂತ ಮಾಡಿ ಕೊಡ್ತಾರೆ. ರೆಕ್ಕೆ ಮೀನುಗಾರನಿಗೆ ಮೇಲಿನ ದುಡ್ಡು. ಇನ್ನೊಂದು ಮುಖ್ಯ ವಿಷಯ, ನಮ್ಮಲ್ಲಿ ಶಾರ್ಕ್ ಹಿಡಿಯೋಕೆ ಅಂತಲೇ ಹೊರಡೋ ದೋಣಿಗಳು ಕಮ್ಮಿ. ಸಿಗಡಿ, ಬೊಂಡಾಸ್ ಅಂತ ಟ್ರಾಲ್ ಬಲೆ ಎಳೆದಾಗ, ಬೀಸುಬಲೆಯೋ ಬಿಡುಬಲೆಯೋ ಹಾಕಿದಾಗ, ಅದರ ಜೊತೆ ಇವೂ ಬರ್ತವೆ. ಟ್ರಾಲ್ ಬಲೆಗೆ ಕಣ್ಣಿಲ್ಲ. ಅದು ಷೆಡ್ಯೂಲ್ ಓದಲ್ಲ.

ಹೀಗಿರುವಾಗ 2015ರ ರಫ್ತು ನಿಷೇಧ ಏನು ಮಾಡುತ್ತೆ? ಹಿಡಿಯೋದಕ್ಕೆ ಅಡ್ಡಿಯಿಲ್ಲದ ಶಾರ್ಕನ್ನ ತಂದ್ರೆ, ಮಾಂಸ ಮಾರಬಹುದು, ರೆಕ್ಕೆ ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಮೀನು ಹೇಗೂ ಸತ್ತಿದೆ. ರೆಕ್ಕೆ ಏನಾಗುತ್ತೆ? ಕಸಕ್ಕೆ ಹೋಗಬೇಕು, ಇಲ್ಲಾ ಕಳ್ಳದಾರಿ ಹಿಡೀಬೇಕು. 2018ರ ಸೆಪ್ಟೆಂಬರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಮುಂಬೈ ಮತ್ತು ಗುಜರಾತಿನ ವೆರಾವಲ್‌ನ ಗೋದಾಮುಗಳಲ್ಲಿ ಸುಮಾರು 8 ಟನ್ ಶಾರ್ಕ್ ರೆಕ್ಕೆ ಹಿಡಿದ್ರು. ಬೇರೆ ಒಣ ಸಮುದ್ರೋತ್ಪನ್ನದ ಹೆಸರು ಬರೆದು ಕಳಿಸೋ ವ್ಯವಸ್ಥೆ ಅದು. ನಿಷೇಧ ಬಂದು ಮೂರೂವರೆ ವರ್ಷ ಆದ ಮೇಲೆ ಎಂಟು ಟನ್! ಹೊರಗಿನ ಕಥೆಯೂ ಹಾಗೇ. 2020ರಲ್ಲಿ ಹಾಂಗ್‌ಕಾಂಗ್ ಕಸ್ಟಮ್ಸ್‌ನವರು ಈಕ್ವೆಡಾರ್‌ನಿಂದ ಬಂದ ಎರಡು ಕಂಟೇನರ್‌ಗಳಲ್ಲಿ 26 ಟನ್ ರೆಕ್ಕೆ ಹಿಡಿದ್ರು, ಸುಮಾರು 38,500 ಶಾರ್ಕ್‌ಗಳದ್ದು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಸರ್ಕಾರ ಎಲ್ಲಾ ಜಾತಿಯ ರೆಕ್ಕೆಯನ್ನೂ ಒಟ್ಟಿಗೆ ನಿಷೇಧಿಸಿದ್ದಕ್ಕೆ ಅರ್ಥವಿದೆ. ಒಣಗಿ, ಚರ್ಮ ಸುಲಿದ ರೆಕ್ಕೆಯ ಮೂಟೆ ಮುಂದಿಟ್ರೆ, ಇದು ಯಾವ ಜಾತಿ ಅಂತ ಕಸ್ಟಮ್ಸ್ ಅಧಿಕಾರಿ ಹೇಗೆ ಹೇಳೋದು? ಕೆಲವನ್ನ ತರಬೇತಿ ಇದ್ದವರು ಆಕಾರ ನೋಡಿ ಗುರುತಿಸ್ತಾರೆ, ಉಳಿದದ್ದಕ್ಕೆ ಡಿಎನ್ಎ ಪರೀಕ್ಷೆಯೇ ಆಗಬೇಕು. 'ಯಾವುದೂ ಬೇಡ' ಅನ್ನೋ ನಿಯಮ ಜಾರಿ ಮಾಡೋಕೆ ಸುಲಭ. ಅದಕ್ಕೇ ನಿಷೇಧ ತೆಗೀರಿ ಅಂತ ನಾನು ಹೇಳ್ತಿಲ್ಲ. ಅದು ಇರಲಿ. ಆದ್ರೆ ಅದನ್ನ ತೋರಿಸಿ 'ಶಾರ್ಕ್ ಸಂರಕ್ಷಣೆ ಆಯ್ತು' ಅಂತ ಫೈಲು ಮುಚ್ಚೋದು ಬೇಡ.

ಯಾಕೆ ಇಷ್ಟು ಅವಸರ ಅಂದ್ರೆ, ಶಾರ್ಕ್ ಬೂತಾಯಿ ಅಲ್ಲ. ಬೂತಾಯಿ, ಬಂಗುಡೆ ಒಂದು ಸಲಕ್ಕೆ ಸಾವಿರಾರು ಮೊಟ್ಟೆ ಇಡ್ತವೆ, ಬೇಗ ಬೆಳೀತವೆ. ಒಂದು ವರ್ಷ ಕೈಕೊಟ್ರೆ ಇನ್ನೊಂದು ವರ್ಷ ಚೇತರಿಸಿಕೊಳ್ತವೆ. ದೊಡ್ಡ ಶಾರ್ಕ್‌ಗಳ ಲೆಕ್ಕ ಹತ್ತಿರ ಹತ್ತಿರ ನಮ್ಮದೇ ಥರ. ಎಷ್ಟೋ ಜಾತಿಗಳು ಪ್ರಾಯಕ್ಕೆ ಬರೋಕೆ ಹತ್ತು ವರ್ಷ ಅಥವಾ ಇನ್ನೂ ಹೆಚ್ಚು ಬೇಕು. ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಹೊತ್ತು, ಬೆರಳೆಣಿಕೆಯಷ್ಟೋ ಒಂದೆರಡು ಡಜನ್ನೋ ಮರಿ ಹಾಕ್ತವೆ. ಹೆರೋಕೆ ಮುಂಚೆಯೇ ಬಲೆಗೆ ಬಿದ್ರೆ ಆ ವಂಶ ಅಲ್ಲಿಗೇ ನಿಂತುಹೋಗುತ್ತೆ. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದೀಚೆಗೆ ಶೇಕಡಾ 71ರಷ್ಟು ಕುಸಿದಿದೆ ಅಂತ 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುತ್ತೆ. ಇವುಗಳ ಒಟ್ಟು ಜಾತಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಅಳಿವಿನ ಅಪಾಯದಲ್ಲಿವೆ.

ಹಾಗಾದ್ರೆ 2001ರ ಜುಲೈ ಥರ ಎಲ್ಲಾ ಶಾರ್ಕ್ ಹಿಡಿಯೋದನ್ನೇ ನಿಷೇಧಿಸಿಬಿಡೋಣ ಅಂತ ಕೆಲವರು ಹೇಳ್ತಾರೆ. ಮಾಲ್ಡೀವ್ಸ್ 2010ರಲ್ಲಿ ಮಾಡಿಲ್ವಾ, ಪಲಾವ್ 2009ರಲ್ಲೇ ತನ್ನ ಕಡಲನ್ನ ಶಾರ್ಕ್ ಅಭಯಧಾಮ ಅಂತ ಸಾರಿಲ್ವಾ ಅಂತ ಕೇಳ್ತಾರೆ. ಮಾಡಿವೆ, ಅಲ್ಲಿ ನಡೀತಿದೆ ಕೂಡ. ಆದ್ರೆ ಮಾಲ್ಡೀವ್ಸಿನವರು ಗಾಳ ಹಾಕಿ ಒಂದೊಂದೇ ಟ್ಯೂನಾ ಎಳೆಯೋ ಜನ, ಶಾರ್ಕ್ ನೋಡೋಕೆ ಬರೋ ಪ್ರವಾಸಿಗಳಿಂದ ದುಡ್ಡು ಬರುತ್ತೆ. ನಮ್ಮ ಟ್ರಾಲ್ ದೋಣಿ ತಳ ಗುಡಿಸುತ್ತೆ. ಗಂಟೆಗಟ್ಟಲೆ ಎಳೆದು ಬಲೆ ಮೇಲೆತ್ತುವಾಗ ಸಣ್ಣ ಶಾರ್ಕ್ ಸತ್ತೇ ಹೋಗಿರುತ್ತೆ. ಮೊದಲನೇ ಷೆಡ್ಯೂಲಿನ ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು. ಹಿಡಿಯಬೇಕು ಅಂತ ಹೋಗದೇ ಇದ್ದ, ಸತ್ತೇ ಬಂದ ಮೀನಿಗೆ ದೋಣಿಯವನನ್ನ ಏಳು ವರ್ಷ ಒಳಗೆ ಹಾಕ್ತೀವಿ ಅಂದ್ರೆ ಅವನು ಮಾಡೋದು ಒಂದೇ, ಸದ್ದಿಲ್ಲದೆ ನೀರಿಗೆ ಎಸೆದು ಬರ್ತಾನೆ. ಮೀನೂ ಹೋಯ್ತು, ಲೆಕ್ಕವೂ ಹೋಯ್ತು. ನಾಳೆ ಎಷ್ಟು ಉಳಿದಿವೆ ಅಂತ ಹೇಳೋ ಒಂದೇ ಒಂದು ಮಾಹಿತಿಯ ದಾರಿಯನ್ನೂ ನಾವೇ ಮುಚ್ಚಿಕೊಂಡ ಹಾಗೆ.

ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅಂಥ ದಾರಿ ಇದೆ, ನಮ್ಮ ದೇಶದಲ್ಲೇ ಇದೆ. ಗುಜರಾತ್‌ನಲ್ಲಿ 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಅರಣ್ಯ ಇಲಾಖೆ, ಟಾಟಾ ಕೆಮಿಕಲ್ಸ್ ಸೇರಿ ತಿಮಿಂಗಿಲ ಶಾರ್ಕ್ ಉಳಿಸೋ ಕೆಲಸ ಶುರು ಮಾಡಿದ್ರು. ಅಲ್ಲಿನ ಮೀನುಗಾರರು ಈ ಮೀನನ್ನ 'ಬ್ಯಾರಲ್' ಅಂತ ಕರೀತಿದ್ರು, ಪೀಪಾಯಿ ಕಟ್ಟಿ ಸುಸ್ತು ಮಾಡಿಸಿ ಕೊಲ್ಲುತ್ತಿದ್ದದ್ದರಿಂದ ಬಂದ ಹೆಸರು. ಕಥೆ ಹೇಳೋ ಮೊರಾರಿ ಬಾಪು ಅವರನ್ನ ಕರೆಸಿದ್ರು. ಇದು ತವರಿಗೆ ಹೆರಿಗೆಗೆ ಬರೋ ಮಗಳು ಅಂತ ಅವರು ಹೇಳಿದ್ರು. 'ಬ್ಯಾರಲ್' ಹೋಗಿ 'ವ್ಹಾಲಿ' ಆಯ್ತು, ಅಂದ್ರೆ ಪ್ರೀತಿಯವಳು. ಬರೀ ಭಾವನೆಯ ಮಾತಾಗಿದ್ರೆ ನಾನು ಇಲ್ಲಿ ಬರೀತಿರಲಿಲ್ಲ. ಬಲೆ ಕತ್ತರಿಸಿ ಮೀನು ಬಿಟ್ಟವನಿಗೆ ಸರ್ಕಾರ ಬಲೆಯ ದುಡ್ಡು ಕೊಡ್ತು. ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ರು, ಅವರು ತೆಗೆದ ಫೋಟೋವೇ ಪುರಾವೆ, ಅಧಿಕಾರಿ ಬರೋ ತನಕ ಕಾಯಬೇಕಿಲ್ಲ. ನೂರಾರು ಮೀನುಗಳು ಜೀವಂತ ವಾಪಸ್ ಹೋದ್ವು. ಕಾನೂನು 2001ರಲ್ಲೇ ಬಂದಿತ್ತು, ಆದ್ರೆ ಅದಕ್ಕೆ ಜೀವ ಬಂದಿದ್ದು ಬಲೆ ಹಾಕೋನು ಇದರಲ್ಲಿ ಪಾಲುದಾರ ಆದಾಗ.

ತಿಮಿಂಗಿಲ ಶಾರ್ಕ್ ದೊಡ್ಡದು, ಮೇಲ್ಮೈ ಹತ್ತಿರ ಬಲೆಗೆ ಬೀಳುತ್ತೆ, ಬದುಕಿರುತ್ತೆ. ಎಲ್ಲಾ ಶಾರ್ಕ್‌ಗಳಿಗೂ ಇದೇ ಪಾಠ ನಕಲು ಹೊಡೆಯೋಕಾಗಲ್ಲ, ನಿಜ. ಸಣ್ಣವಕ್ಕೆ ಬೇಕಾಗಿರೋದು ಅವು ಮರಿ ಹಾಕೋ ಜಾಗದಲ್ಲಿ, ಮರಿ ಹಾಕೋ ತಿಂಗಳುಗಳಲ್ಲಿ ಬಲೆ ಬೀಳದಂತೆ ನೋಡಿಕೊಳ್ಳೋದು. ಇದು ಮೀನುಗಾರರಿಗೆ ಹೊಸ ವಿಚಾರವೇ ಅಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಲ್ಲ. ಯಾಕೆ ಪಾಲಿಸ್ತಾರೆ? ನಿಯಮ ಎಲ್ಲರಿಗೂ ಒಂದೇ, ಯಾವಾಗ ಶುರು ಯಾವಾಗ ಮುಗಿಯುತ್ತೆ ಅಂತ ಸ್ಪಷ್ಟ, ಮೀನು ಉಳಿದ್ರೆ ತನಗೇ ಲಾಭ ಅಂತ ಗೊತ್ತು. ಮರಿಗಳ ಜಾಗ ಯಾವುದು ಅಂತ ಹೇಳಬಲ್ಲವರು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು (ಅದರ ಕೇಂದ್ರ ಮಂಗಳೂರಲ್ಲೇ ಇದೆ) ಮತ್ತು ಮೂವತ್ತು ವರ್ಷದಿಂದ ದೋಣಿ ನಡೆಸ್ತಿರೋ ತಾಂಡೇಲರು. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಬೇಕಾದ್ದು ಸರ್ಕಾರದ ಕೆಲಸ.

ಅಲ್ಲೇ ಎಡವಟ್ಟಾಗ್ತಿರೋದು. ದಡದಿಂದ 12 ನಾಟಿಕಲ್ ಮೈಲಿ ತನಕ ಮೀನುಗಾರಿಕೆ ರಾಜ್ಯದ ವಿಷಯ, ಆಚೆಗೆ ಕೇಂದ್ರದ್ದು. ಷೆಡ್ಯೂಲ್ ಪರಿಸರ ಸಚಿವಾಲಯದ್ದು, ಜಾರಿ ಅರಣ್ಯ ಇಲಾಖೆಯದ್ದು. ರಫ್ತು ವಾಣಿಜ್ಯ ಸಚಿವಾಲಯದ್ದು. ದೋಣಿಗೆ ಲೈಸೆನ್ಸ್, ಡೀಸೆಲ್ ಸಬ್ಸಿಡಿ ಕೊಡೋದು ಮೀನುಗಾರಿಕೆ ಇಲಾಖೆ. ಶಾರ್ಕ್ ಒಂದೇ, ಯಜಮಾನರು ನಾಲ್ಕು. ಕಾಡು ಕಾಯೋ ಗಾರ್ಡ್‌ಗೆ ಬಂದರಿನಲ್ಲಿ ಬಿದ್ದ ಮೀನಿನ ಜಾತಿ ಗೊತ್ತಾಗಲ್ಲ, ಜಾತಿ ಗೊತ್ತಿರೋ ಮೀನುಗಾರಿಕೆ ಇಲಾಖೆಯವನಿಗೆ ಕೇಸ್ ಹಾಕೋ ಹೊಣೆ ಇಲ್ಲ.

ನನ್ನ ಬೇಡಿಕೆ ಮೂರೇ. ಒಂದು, ಬಂದರಿನಲ್ಲಿ ಇಳಿಯೋ ಪ್ರತಿ ಶಾರ್ಕಿನ ಲೆಕ್ಕ ಜಾತಿವಾರು ಬರೀಲಿ, ಬರೆಸಿದವನಿಗೆ ಶಿಕ್ಷೆ ಆಗೋ ಭಯ ಇರಬಾರದು. ಎರಡು, ಮರಿಗಳ ಜಾಗಕ್ಕೆ ಋತುವಿನ ನಿಷೇಧ ಬರಲಿ, ಅದರಿಂದ ನಷ್ಟ ಆಗೋ ದೋಣಿಗೆ ಪರಿಹಾರ ಸಿಗಲಿ. ಮೂರು, ಜೀವಂತ ಬಿಡಬಹುದಾದ ಜಾತಿಗಳಿಗೆ ಗುಜರಾತಿನ ಬಲೆ ಪರಿಹಾರದ ಯೋಜನೆ ನಮ್ಮ ಕರಾವಳಿಗೂ ಬರಲಿ.

ನಾವು ತಿನ್ನೋರ ಕೈಯಲ್ಲೂ ಒಂದು ಕೆಲಸ ಇದೆ. ಗೋವಾ ಕಡೆ ಹೋಟೆಲ್‌ಗಳಲ್ಲಿ ಮರಿ ಶಾರ್ಕ್ ಅಂತಲೇ ಮೆನುವಿನಲ್ಲಿ ಬರೆದಿರ್ತಾರೆ. ಸೂಪ್ ಕುಡಿಯೋ ಚೀನಿಯನನ್ನ ಬೈಯೋ ನಾವು ಅದನ್ನ ತವಾ ಫ್ರೈ ಮಾಡಿಸ್ಕೊಂಡು ತಿಂದು ಬರ್ತೀವಿ. ಚೀನಾದ ಸರ್ಕಾರ 2013ರ ಕೊನೆಗೆ ತನ್ನ ಅಧಿಕೃತ ಔತಣಗಳಲ್ಲಿ ಶಾರ್ಕ್ ರೆಕ್ಕೆ ಬಡಿಸೋದನ್ನ ನಿಲ್ಲಿಸ್ತು. ಬಾಸ್ಕೆಟ್‌ಬಾಲ್ ಆಟಗಾರ ಯಾವೋ ಮಿಂಗ್ ಜಾಹೀರಾತಿಗೆ ನಿಂತು ಬೇಡ ಅಂತ ಹೇಳಿದ್ರು. ಅಲ್ಲಿ ಅಷ್ಟಾದ್ರೂ ಆಗಿದೆ. ಪ್ರಾಯಕ್ಕೆ ಬರದ ಮೀನು ನಮ್ಮ ತಟ್ಟೆಗೆ ಬೇಡ ಅಂತ ನಾವು ಹೇಳೋಕೆ ಯಾವ ನೋಟಿಫಿಕೇಶನ್ನೂ ಬೇಕಿಲ್ಲ.

ರೆಕ್ಕೆಯ ಮೂಟೆ ಹಿಡಿದಾಗ ಪೇಪರಿನಲ್ಲಿ ಫೋಟೋ ಬರುತ್ತೆ, ಹಿಂದೆ ಅಧಿಕಾರಿಗಳು ಸಾಲಾಗಿ ನಿಂತಿರ್ತಾರೆ. ಮರಿ ಹಾಕೋಕೆ ಬಂದ ತಾಟೆಯೊಂದು ಬಲೆಗೆ ಬೀಳದೆ ವಾಪಸ್ ಹೋದ್ರೆ ಯಾವ ಫೋಟೋವೂ ಬರಲ್ಲ. ಆದ್ರೆ ಹತ್ತು ವರ್ಷ ಬಿಟ್ಟು ಮಲ್ಪೆಯಲ್ಲಿ ಮೀನು ಇರುತ್ತೋ ಇಲ್ವೋ ಅನ್ನೋದು ತೀರ್ಮಾನ ಆಗೋದು ಅಲ್ಲೇ.

ಕರಾವಳಿಯ ಗೆಳೆಯರಿಗೆ ಇದರ ಬಗ್ಗೆ ನನಗಿಂತ ಹೆಚ್ಚು ಗೊತ್ತಿರುತ್ತೆ. ನಿಮ್ಮೂರ ಬಂದರಿನಲ್ಲಿ ಏನು ನಡೀತಿದೆ ಅಂತ ನೀವೂ ಬರೀರಿ. ಏನಂತೀರಾ?